ಹತ್ತು ಡಾಲರಿನ ಓಟು, ಮಗುವಿನ ಓಟು, ಪೌರರ ಓಟು: ಅಮೆರಿಕದ ಶಾಲೆಗಳಲ್ಲಿ ನಮ್ಮವರಿಗೆ ಯಾವುದು ಇದೆ, ಯಾವುದು ಇಲ್ಲ?

ವಾಷಿಂಗ್ಟನ್/ಅಟ್ಲಾಂಟಾ: ಜಾರ್ಜಿಯಾದಲ್ಲಿ ಆಗಸ್ಟ್ ಆರಂಭಕ್ಕೇ ಶಾಲೆಗಳು ತೆರೆಯುತ್ತವೆ, ವಾಷಿಂಗ್ಟನ್ ಸುತ್ತಮುತ್ತ ಆ ತಿಂಗಳ ಕೊನೆಯ ಹೊತ್ತಿಗೆ. ಮೊದಲ ವಾರಗಳಲ್ಲೇ ಮಕ್ಕಳ ಬ್ಯಾಗಿನಲ್ಲೋ ಅಪ್ಪ-ಅಮ್ಮನ ಇ-ಮೇಲಿನಲ್ಲೋ ಪೋಷಕರ ಸಂಘದ ಸದಸ್ಯತ್ವದ ಅರ್ಜಿ ಬರುತ್ತದೆ. ಶುಲ್ಕ ದೊಡ್ಡದೇನಲ್ಲ, ಸಾಮಾನ್ಯವಾಗಿ ಹತ್ತು-ಹದಿನೈದು ಡಾಲರಿನ ಆಸುಪಾಸು. ಹೊಸದಾಗಿ ಬಂದ ಕುಟುಂಬಗಳಲ್ಲಿ ಕೆಲವರು "ಏನೋ ಡೊನೇಷನ್ ಇರಬೇಕು, ಕೊಟ್ಟುಬಿಡೋಣ" ಅನ್ನುತ್ತಾರೆ. ಇನ್ನು ಕೆಲವರು "ನಾವು ವೀಸಾದಲ್ಲಿ ಬಂದವರು, ನಮಗ್ಯಾಕೆ ಈ ಉಸಾಬರಿ" ಎಂದು ಬದಿಗಿಡುತ್ತಾರೆ. ಆ ಅರ್ಜಿಯ ಜೊತೆ ಒಂದು ಓಟು ಬರುತ್ತದೆ ಎಂಬುದನ್ನು ಇಬ್ಬರೂ ಗಮನಿಸಿರುವುದಿಲ್ಲ.

ದುಬೈ, ದೋಹಾ, ದಮ್ಮಾಮ್‌ನಲ್ಲಿ ಹತ್ತಾರು ವರ್ಷ ದುಡಿದು, ಮಗನನ್ನೋ ಮಗಳನ್ನೋ ಅಮೆರಿಕಕ್ಕೆ ಕಳಿಸಿದ ಕನ್ನಡ ಕುಟುಂಬಗಳು ಈಗ ಬಹಳ. ಗಲ್ಫ್‌ನಿಂದಲೇ ಕೆಲಸ ಬದಲಿಸಿ ಅತ್ತ ಹೋದವರೂ ಇದ್ದಾರೆ. ವರ್ಜೀನಿಯಾದ ಫೇರ್‌ಫ್ಯಾಕ್ಸ್ ಮತ್ತು ಲೌಡನ್, ಮೇರಿಲ್ಯಾಂಡಿನ ಮಾಂಟ್‌ಗೊಮೆರಿ, ಅಟ್ಲಾಂಟಾದ ಉತ್ತರಕ್ಕಿರುವ ಜಾನ್ಸ್ ಕ್ರೀಕ್, ಆಲ್ಫರೆಟ್ಟಾ, ಕಮ್ಮಿಂಗ್, ನಾರ್ತ್ ಕೆರೊಲಿನಾದ ಕೇರಿ ಮತ್ತು ಮಾರಿಸ್‌ವಿಲ್, ಶಾರ್ಲಟ್ ಊರಿನ ದಕ್ಷಿಣ ಭಾಗ: ಇವೆಲ್ಲ ಭಾರತೀಯ ಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಓದುವ ಜಾಗಗಳು. ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ಪೋಷಕರ ಮುಂದೆ ಒಂದಲ್ಲ, ಮೂರು ಬೇರೆ ಬೇರೆ ಮತಗಳಿವೆ. ಒಂದು ಶುಲ್ಕದಿಂದ ಬರುವುದು, ಇನ್ನೊಂದು ಮಗುವಿನ ದಾಖಲಾತಿಯಿಂದ ಬರುವುದು, ಮೂರನೆಯದು ಪೌರತ್ವದಿಂದ ಬರುವುದು. ಮೂರನ್ನೂ ಒಂದೇ ಎಂದುಕೊಂಡರೆ ನಷ್ಟ ಪೋಷಕರಿಗೇ. ಮೊದಲನೆಯದನ್ನು ಬಿಟ್ಟರೆ ಸಂಘದ ಹಣದ ಮೇಲಿನ ಮಾತು ಹೋಗುತ್ತದೆ, ಎರಡನೆಯದನ್ನು ಬಿಟ್ಟರೆ ಕಾನೂನು ಕೊಟ್ಟ ಹಕ್ಕು ಹೋಗುತ್ತದೆ. ಮೂರನೆಯದನ್ನು ತಿಳಿಯದೆ ಮುಟ್ಟಿದರೆ ವೀಸಾವೇ ಹೋಗಬಹುದು.

ದುಡ್ಡು ಕಟ್ಟಿದವರ ಮತ

ಪಿಟಿಎ ಅಂದರೆ ಒಂದು ರಾಷ್ಟ್ರೀಯ ಸಂಸ್ಥೆಯ ಶಾಲಾ ಘಟಕ. ಸದಸ್ಯರು ಕಟ್ಟುವ ಶುಲ್ಕದಲ್ಲಿ ಒಂದು ಪಾಲು ರಾಷ್ಟ್ರೀಯ ಸಂಸ್ಥೆಗೆ, ಒಂದು ಪಾಲು ರಾಜ್ಯದ ಸಂಸ್ಥೆಗೆ ಹೋಗಿ, ಉಳಿದದ್ದು ಶಾಲೆಯ ಘಟಕದಲ್ಲಿ ನಿಲ್ಲುತ್ತದೆ. ಆ ವರ್ಷದ ಶುಲ್ಕ ಕಟ್ಟಿದವರೇ ಸದಸ್ಯರು, ಸದಸ್ಯರಿಗೆ ಮಾತ್ರ ಮತ. ಪಿಟಿಒ ಅನ್ನುವುದು ಬೇರೆ. ಅದು ಯಾವ ರಾಷ್ಟ್ರೀಯ ಸಂಸ್ಥೆಗೂ ಸೇರದ, ಶಾಲೆಯ ಮಟ್ಟದಲ್ಲೇ ಇರುವ ಸ್ವತಂತ್ರ ಸಂಘ. ಕೆಲವು ಪಿಟಿಒಗಳಲ್ಲಿ ಶುಲ್ಕ ಇದೆ. ಇನ್ನು ಕೆಲವಲ್ಲಿ ಮಗು ಶಾಲೆಗೆ ಸೇರಿದೊಡನೆ ಪೋಷಕರು ತಾವಾಗಿಯೇ ಸದಸ್ಯರಾಗುತ್ತಾರೆ. ಯಾವುದು ಹೇಗೆ ಎಂಬುದನ್ನು ಆ ಸಂಘದ ಬೈಲಾ ಹೇಳುತ್ತದೆ, ಅದನ್ನು ಕೇಳಿ ಪಡೆದು ಓದಬೇಕು.

ಈ ಮತದಿಂದ ಏನಾಗುತ್ತದೆ? ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿಯ ಆಯ್ಕೆ ಇದರಲ್ಲಿ ಆಗುತ್ತದೆ. ವರ್ಷದ ಬಜೆಟ್ಟಿಗೆ ಸಭೆ ಒಪ್ಪಿಗೆ ಕೊಡಬೇಕು. ಬೈಲಾ ತಿದ್ದುವುದಕ್ಕೂ ಸದಸ್ಯರ ಮತ ಬೇಕು. ಹೆಡ್‌ಮಾಸ್ತರರನ್ನು ನೇಮಿಸುವುದು, ಪಠ್ಯ ಬದಲಿಸುವುದು, ಟೀಚರನ್ನು ಬದಲಿಸುವುದು ಈ ಸಭೆಯ ಕೈಯಲ್ಲಿಲ್ಲ. ಹಾಗೆಂದು ಇದು ಬರೀ ಸಮೋಸಾ-ಪಿಜ್ಜಾ ಮಾರುವ ಸಂಘವೂ ಅಲ್ಲ. ಸ್ಥಿತಿವಂತರ ಬಡಾವಣೆಗಳ ಶಾಲೆಗಳಲ್ಲಿ ಇಂಥ ಸಂಘಗಳ ಖಾತೆಯಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಡಾಲರ್ ಓಡಾಡುವುದುಂಟು. ಅದು ಗಣಿತದ ಕ್ಲಬ್ಬಿಗೆ ಹೋಗಬೇಕೋ, ಇಂಗ್ಲಿಷ್ ಬಾರದ ಮಕ್ಕಳ ನೆರವಿಗೋ, ಆಟದ ಮೈದಾನಕ್ಕೋ ಎಂದು ತೀರ್ಮಾನಿಸುವುದು ಆ ಸಂಜೆ ಕೈ ಎತ್ತಿದವರು.

ನಮ್ಮ ಕುಟುಂಬಗಳು ಎಡವುವುದು ಸಣ್ಣ ಸಣ್ಣ ವಿಷಯಗಳಲ್ಲಿ. ಮೊದಲನೆಯದು, ದೇಣಿಗೆ ಬೇರೆ, ಸದಸ್ಯತ್ವ ಬೇರೆ. ಶಾಲೆಯ ಓಟದ ಸ್ಪರ್ಧೆಗೆ ನೂರು ಡಾಲರ್ ಕೊಟ್ಟವರಿಗೂ ಸದಸ್ಯತ್ವದ ಅರ್ಜಿ ತುಂಬಿರದಿದ್ದರೆ ಮತ ಇಲ್ಲ. ಶಾಲೆಯ ಹೆಸರಿರುವ ಟೀಶರ್ಟ್ ಕೊಂಡರೂ ಇಲ್ಲ.

ಎರಡನೆಯದು ಇನ್ನೂ ಮುಖ್ಯ. ಪಿಟಿಎಯಲ್ಲಿ ಮತ ಮನೆಗೊಂದಲ್ಲ, ಸದಸ್ಯನಿಗೊಂದು. ನಮ್ಮಲ್ಲಿ ಅರ್ಜಿ ತುಂಬುವುದು ಗಂಡನ ಹೆಸರಲ್ಲಿ, ಮೀಟಿಂಗಿಗೆ ಹೋಗುವುದು ಹೆಂಡತಿ. ಗಂಡನಿಗೆ ಆ ಹೊತ್ತಿಗೆ ಆಫೀಸಿನ ಕಾಲ್ ಇರುತ್ತದೆ. ಸಭೆಯಲ್ಲಿ ಕೂತವರಿಗೆ ಮತ ಇಲ್ಲ, ಮತ ಇದ್ದವರು ಸಭೆಯಲ್ಲಿಲ್ಲ. ಒಬ್ಬರ ಪರವಾಗಿ ಇನ್ನೊಬ್ಬರು ಮತ ಹಾಕುವುದಕ್ಕೆ ಪಿಟಿಎಯಲ್ಲಿ ಅವಕಾಶ ಇಲ್ಲ. ಆದ್ದರಿಂದ ಒಬ್ಬರ ಹೆಸರಲ್ಲಿ ಮಾತ್ರ ಕಟ್ಟುವುದಾದರೆ ಯಾರು ಸಭೆಗೆ ಹೋಗುತ್ತಾರೋ ಅವರ ಹೆಸರಲ್ಲೇ ಕಟ್ಟುವುದು ಸರಿ. "ಫ್ಯಾಮಿಲಿ ಮೆಂಬರ್‌ಶಿಪ್" ಎಂದು ಬರೆದಿದ್ದರೆ ಎಷ್ಟು ಮತ ಎಂದು ಕೇಳಿ ತಿಳಿಯಬೇಕು.

ಮೂರನೆಯದು ಸಮಯ. ಕೆಲವು ಘಟಕಗಳ ಬೈಲಾದಲ್ಲಿ ಸಭೆಗೆ ಇಂತಿಷ್ಟು ದಿನ ಮುಂಚೆಯೇ ಸದಸ್ಯರಾಗಿರಬೇಕು ಎಂದಿರುತ್ತದೆ. ಚುನಾವಣೆಯ ದಿನ ಬಾಗಿಲಲ್ಲಿ ಹತ್ತು ಡಾಲರ್ ಚಾಚಿದರೆ ಅಲ್ಲಿ ಕೆಲಸ ಆಗುವುದಿಲ್ಲ.

ವೀಸಾದ ಪ್ರಶ್ನೆ ಇಲ್ಲಿ ಬರುವುದೇ ಇಲ್ಲ. ಪಿಟಿಎ ಖಾಸಗಿ ದತ್ತಿ ಸಂಸ್ಥೆ. ಎಚ್-1ಬಿ ಇದ್ದವರು, ಎಚ್-4 ಮೇಲಿರುವ ಹೆಂಡತಿ ಅಥವಾ ಗಂಡ, ಗ್ರೀನ್ ಕಾರ್ಡಿನವರು ಯಾರೂ ಸದಸ್ಯರಾಗಿ ಮತ ಹಾಕಬಹುದು. ಸಂಬಳ, ಪ್ರತಿಫಲ ಯಾವುದೂ ಇಲ್ಲದೆ ದತ್ತಿ ಸಂಸ್ಥೆಗೆ ಮಾಡುವ ಸ್ವಯಂಸೇವೆಯನ್ನು ಸಾಮಾನ್ಯವಾಗಿ ಉದ್ಯೋಗ ಎಂದು ಎಣಿಸುವುದಿಲ್ಲ, ಹಾಗಾಗಿ ಪದಾಧಿಕಾರಿಯಾಗುವುದಕ್ಕೂ ಹೆದರಬೇಕಾಗಿಲ್ಲ. ಊರಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡಿ, ಇಲ್ಲಿ ಎಚ್-4ರ ಕಾರಣಕ್ಕೆ ಮನೆಯಲ್ಲಿ ಕೂತ ಹೆಣ್ಣುಮಗಳು ಖಜಾಂಚಿ ಕೆಲಸಕ್ಕೆ ಹೇಳಿ ಮಾಡಿಸಿದ ವ್ಯಕ್ತಿ.

ಮಗುವಿನ ಹೆಸರಲ್ಲಿ ಬರುವ ಮತ

ಎರಡನೆಯ ಮತದ ಬಗ್ಗೆ ಹೆಚ್ಚಿನವರಿಗೆ ಗೊತ್ತೇ ಇಲ್ಲ. ಇದಕ್ಕೆ ಒಂದು ಸೆಂಟ್ ಕೂಡ ಕಟ್ಟಬೇಕಿಲ್ಲ. ಶಾಲೆಯ ಯೋಜನೆ, ಬಜೆಟ್ಟಿನ ಬಗ್ಗೆ ಹೆಡ್‌ಮಾಸ್ತರರ ಜೊತೆ ಕೂತು ಮಾತಾಡುವ ಸಮಿತಿಗಳನ್ನು ರಾಜ್ಯದ ಕಾನೂನೇ ರಚಿಸಿದೆ. ಅದರ ಪೋಷಕ ಸದಸ್ಯರನ್ನು ಆರಿಸುವುದು ಪೋಷಕರು.

ಜಾರ್ಜಿಯಾದಲ್ಲಿ 2000ದ ಶಿಕ್ಷಣ ಸುಧಾರಣಾ ಕಾಯ್ದೆಯಿಂದ ಶಾಲಾ ಮಂಡಳಿಗಳು ಬಂದವು. ಅದರಲ್ಲಿ ಪೋಷಕರೇ ಬಹುಮತದಲ್ಲಿ ಇರಬೇಕು ಎಂದು ಕಾನೂನು ಹೇಳುತ್ತದೆ. ಅಟ್ಲಾಂಟಾ ನಗರದ ಶಾಲೆಗಳಲ್ಲಿ ಇದೇ ಬಗೆಯ ಸಮಿತಿಗೆ "ಗೋ ಟೀಮ್" ಎಂದು ಹೆಸರು. ಜಾನ್ಸ್ ಕ್ರೀಕ್, ಆಲ್ಫರೆಟ್ಟಾ ಸೇರುವ ಫುಲ್ಟನ್ ಕೌಂಟಿಯಲ್ಲಿ "ಸ್ಕೂಲ್ ಗವರ್ನೆನ್ಸ್ ಕೌನ್ಸಿಲ್".

ಸೌತ್ ಕೆರೊಲಿನಾದಲ್ಲಿ ಪ್ರತಿ ಸರ್ಕಾರಿ ಶಾಲೆಗೂ ಸುಧಾರಣಾ ಮಂಡಳಿ ಇರಬೇಕು. ಅದರಲ್ಲಿ ಕನಿಷ್ಠ ಇಬ್ಬರು ಪೋಷಕರು, ಅವರನ್ನು ಆರಿಸುವವರು ಆ ಶಾಲೆಯ ಮಕ್ಕಳ ಪೋಷಕರು. ವಾಷಿಂಗ್ಟನ್ ನಗರದ ಶಾಲೆಗಳಲ್ಲಿ ಶಾಲಾ ಸಲಹಾ ತಂಡ ಇದೆ, ಅಲ್ಲೂ ಪೋಷಕರ ಪ್ರತಿನಿಧಿಗಳು ಪೋಷಕರಿಂದಲೇ ಆರಿಸಿ ಬರುತ್ತಾರೆ. ವರ್ಜೀನಿಯಾ, ಮೇರಿಲ್ಯಾಂಡಿನಲ್ಲಿ ಕೌಂಟಿಯಿಂದ ಕೌಂಟಿಗೆ ಹೆಸರು ಮತ್ತು ಸ್ವರೂಪ ಬೇರೆಯಾಗುತ್ತದೆ, ಶಾಲೆಯ ಆಫೀಸಿನಲ್ಲೇ ವಿಚಾರಿಸಬೇಕು.

ನಾರ್ತ್ ಕೆರೊಲಿನಾದ ಕಾನೂನು ಗಮನಿಸಬೇಕಾದದ್ದು. ಪ್ರತಿ ಶಾಲೆಯ ಸುಧಾರಣಾ ತಂಡದಲ್ಲಿ ಪೋಷಕರು ಇರಬೇಕು. ಅವರನ್ನು ಆ ಶಾಲೆಯಲ್ಲಿ ಓದುವ ಮಕ್ಕಳ ಪೋಷಕರು ಆರಿಸಬೇಕು. ಚುನಾವಣೆ ನಡೆಸುವ ಕೆಲಸ ಆ ಶಾಲೆಯ ಪೋಷಕ-ಶಿಕ್ಷಕರ ಸಂಘದ್ದು. ಸಂಘ ಇಲ್ಲದಿದ್ದರೆ ಆ ಕೆಲಸಕ್ಕೆಂದೇ ರಚಿಸಿದ ಪೋಷಕರ ಅತಿ ದೊಡ್ಡ ಗುಂಪಿನದ್ದು. ಆ ಪೋಷಕ ಸದಸ್ಯರು ಶಾಲೆಯ ಮಕ್ಕಳ ಜನಾಂಗ ಮತ್ತು ಆರ್ಥಿಕ ಹಿನ್ನೆಲೆಯನ್ನು ಪ್ರತಿಬಿಂಬಿಸುವಂತಿರಬೇಕು ಎಂದೂ ಕಾನೂನು ಕೇಳುತ್ತದೆ.

ಗೊಂದಲ ಹುಟ್ಟುವುದೂ ಇಲ್ಲೇ. ಚುನಾವಣೆ ನಡೆಸುವವರು ಶುಲ್ಕ ವಸೂಲಿ ಮಾಡುವ ಸಂಘದವರು, ಆದರೆ ಮತದಾರರು ಶಾಲೆಯ ಎಲ್ಲ ಪೋಷಕರು. ಸಂಘದ ಕೈಯಲ್ಲಿ ಇರುವುದು ಸದಸ್ಯರ ಪಟ್ಟಿ, ಇ-ಮೇಲ್ ಹೋಗುವುದೂ ಅವರಿಗೇ. ಸಂಘದ ಮಾಮೂಲಿ ಸಭೆಯಲ್ಲೇ, ಶುಲ್ಕ ಕಟ್ಟಿದವರ ನಡುವೆ ಈ ಆಯ್ಕೆಯನ್ನೂ ಮುಗಿಸಿಬಿಟ್ಟರೆ ಅದು ಕಾನೂನಿನ ಮಾತಿಗೆ ಹೊಂದುವುದಿಲ್ಲ. ಕಾನೂನಿನಲ್ಲಿ ಬರೆದಿರುವುದು "ಪೋಷಕರು" ಎಂದು, "ಸದಸ್ಯರು" ಎಂದಲ್ಲ. ಕೇರಿಯಲ್ಲೋ ಶಾರ್ಲಟ್‌ನಲ್ಲೋ ಇರುವ ಕನ್ನಡ ಪೋಷಕರು ಇದನ್ನು ಸಭ್ಯವಾಗಿ ಕೇಳಬಹುದು: ಸುಧಾರಣಾ ತಂಡದ ಚುನಾವಣೆಯ ನೋಟಿಸ್ ಎಲ್ಲ ಮನೆಗಳಿಗೂ ಹೋಗಿದೆಯೇ? ಶಾರ್ಲಟ್‌ನಿಂದ ರಾಜ್ಯದ ಗಡಿ ದಾಟಿ ಫೋರ್ಟ್ ಮಿಲ್‌ಗೆ ಮನೆ ಬದಲಿಸಿದರೆ ರಾಜ್ಯವೂ ಬೇರೆ, ಸಮಿತಿಯ ಹೆಸರೂ ಬೇರೆ, ನಿಯಮವೂ ಬೇರೆ. ಅಲ್ಲಿ ಮತ್ತೆ ಹೊಸದಾಗಿ ವಿಚಾರಿಸಿಕೊಳ್ಳಬೇಕು.

ಬಡ ಮಕ್ಕಳು ಹೆಚ್ಚಿರುವ, ಟೈಟಲ್ 1 ಅನುದಾನ ಪಡೆಯುವ ಶಾಲೆಗಳಲ್ಲಿ ಕೇಂದ್ರದ ಕಾನೂನೂ ಪೋಷಕರ ಪರವಾಗಿದೆ. 5 ಲಕ್ಷ ಡಾಲರಿಗಿಂತ ಹೆಚ್ಚು ಟೈಟಲ್ 1 ಹಣ ಪಡೆಯುವ ಶಿಕ್ಷಣ ಜಿಲ್ಲೆ ಅದರಲ್ಲಿ ಕನಿಷ್ಠ ಶೇ. 1ನ್ನು ಪೋಷಕರನ್ನು ತೊಡಗಿಸಿಕೊಳ್ಳುವ ಕೆಲಸಕ್ಕೆ ಮೀಸಲಿಡಬೇಕು. ಅದನ್ನು ಹೇಗೆ ಖರ್ಚು ಮಾಡಬೇಕು ಎಂಬುದರಲ್ಲಿ ಪೋಷಕರನ್ನು ಸೇರಿಸಿಕೊಳ್ಳಬೇಕು. ಸಾಧ್ಯವಿದ್ದಷ್ಟು ಮಟ್ಟಿಗೆ ಪೋಷಕರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರ ಕೊಡಬೇಕು. ಇದಕ್ಕೂ ಸಂಘದ ಸದಸ್ಯತ್ವಕ್ಕೂ ಸಂಬಂಧ ಇಲ್ಲ.

ಪೌರರ ಮತ: ಕೈ ಹಾಕುವ ಮುನ್ನ ಎಚ್ಚರ

ಮೂರನೆಯದು ಜಿಲ್ಲೆಯ ಅಥವಾ ಕೌಂಟಿಯ ಶಾಲಾ ಮಂಡಳಿಯ ಚುನಾವಣೆ. ಶಾಲೆಗಳ ಗಡಿ ಗೆರೆ, ಬಸ್ಸು, ಪಠ್ಯ, ದೊಡ್ಡ ಬಜೆಟ್ ಎಲ್ಲ ಇವರ ಕೈಯಲ್ಲಿ. ಫೇರ್‌ಫ್ಯಾಕ್ಸ್, ಮಾಂಟ್‌ಗೊಮೆರಿ, ಫುಲ್ಟನ್, ಕೇರಿ ಊರು ಸೇರುವ ವೇಕ್ ಕೌಂಟಿಯಂಥ ಕಡೆ ಈ ಮತ ಅಮೆರಿಕದ ಪೌರರಿಗೆ ಮಾತ್ರ. ಎರಡೂ ಕೆರೊಲಿನಾಗಳಲ್ಲಿ 2024ರ ನವೆಂಬರಿನಲ್ಲಿ ಮತದಾರರು ಇದನ್ನು ರಾಜ್ಯ ಸಂವಿಧಾನದಲ್ಲೇ ಇನ್ನಷ್ಟು ಬಿಗಿಯಾಗಿ ಬರೆಸಿದ್ದಾರೆ.

ಇದಕ್ಕೆ ಹೊರತಾದ ಜಾಗಗಳು ವಾಷಿಂಗ್ಟನ್ ಪ್ರದೇಶದಲ್ಲೇ ಇವೆ. ಮೇರಿಲ್ಯಾಂಡಿನ ಟಕೋಮಾ ಪಾರ್ಕ್ 1992ರಿಂದ ಪೌರರಲ್ಲದ ನಿವಾಸಿಗಳಿಗೂ ಪುರಸಭೆಯ ಚುನಾವಣೆಯಲ್ಲಿ ಮತ ಕೊಟ್ಟಿದೆ, ಆದರೆ ಶಾಲಾ ಮಂಡಳಿಗೆ ಅದು ಅನ್ವಯಿಸುವುದಿಲ್ಲ. ವಾಷಿಂಗ್ಟನ್ ನಗರ 2022ರಲ್ಲಿ ಅಂಗೀಕರಿಸಿದ ಕಾನೂನಿನ ಪ್ರಕಾರ ಪೌರರಲ್ಲದ ನಿವಾಸಿಗಳು 2024ರಿಂದ ನಗರದ ಸ್ಥಳೀಯ ಚುನಾವಣೆಗಳಲ್ಲಿ, ಶಿಕ್ಷಣ ಮಂಡಳಿಯ ಸ್ಥಾನಗಳಿಗೂ ಸೇರಿ, ಮತ ಹಾಕಲು ಅವಕಾಶವಾಯಿತು. ಬೇರೆ ರಾಜ್ಯ ಅಥವಾ ದೇಶದಲ್ಲಿ ಮತದ ಹಕ್ಕು ಇಟ್ಟುಕೊಂಡಿರಬಾರದು ಎಂಬ ಷರತ್ತು ಅದರಲ್ಲಿದೆ. ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಎನ್‌ಆರ್‌ಐಗಳು ಇದನ್ನು ಯೋಚಿಸಬೇಕು. ಆ ಕಾನೂನನ್ನು ರದ್ದು ಮಾಡುವ ಯತ್ನಗಳು ಅಮೆರಿಕದ ಕಾಂಗ್ರೆಸ್ಸಿನಲ್ಲಿ ನಡೆದಿವೆ. ಹೀಗಾಗಿ ಅಲ್ಲಿ ಇರುವವರು ವಲಸೆ ವಕೀಲರನ್ನು ಕೇಳದೆ ಮುಂದೆ ಹೋಗುವುದು ಜಾಣತನವಲ್ಲ.

ಯಾಕೆಂದರೆ ತಪ್ಪಿನ ಬೆಲೆ ದೊಡ್ಡದು. ಪೌರರಲ್ಲದವರು ಕೇಂದ್ರದ ಚುನಾವಣೆಯಲ್ಲಿ ಮತ ಹಾಕುವುದು 1996ರ ಕಾನೂನಿನ ಪ್ರಕಾರ ಅಪರಾಧ. ಕಾನೂನು ಮೀರಿ ಮತ ಹಾಕಿದವರನ್ನು, ತಾನು ಪೌರ ಎಂದು ಸುಳ್ಳು ಹೇಳಿದವರನ್ನು ಗಡೀಪಾರು ಮಾಡಬಹುದು. ಗ್ರೀನ್ ಕಾರ್ಡ್ ಇದ್ದವರಿಗೂ ಇದರಿಂದ ರಿಯಾಯಿತಿ ಇಲ್ಲ. ಶಾಲೆಯ ಮೇಳದಲ್ಲಿ ಪಿಟಿಎ ಮೇಜಿನ ಪಕ್ಕದಲ್ಲೇ ಯಾರೋ ಮತದಾರರ ನೋಂದಣಿ ಮೇಜು ಹಾಕಿರಬಹುದು. ಡ್ರೈವಿಂಗ್ ಲೈಸೆನ್ಸ್ ಮಾಡಿಸುವ ಕಚೇರಿಯಲ್ಲೂ "ಮತದಾರರಾಗಿ ನೋಂದಾಯಿಸಲೇ" ಎಂದು ಕೇಳುತ್ತಾರೆ. ಪಿಟಿಎ ಅರ್ಜಿಗೆ ಸಹಿ ಹಾಕಿದ ಕೈ ಅದೇ ಧಾಟಿಯಲ್ಲಿ ಈ ಅರ್ಜಿಗೂ ಸಹಿ ಹಾಕಿಬಿಡಬಾರದು. ಪೌರತ್ವದ ಪ್ರಶ್ನೆಗೆ "ಇಲ್ಲ" ಎಂದೇ ಗುರುತು ಹಾಕಬೇಕು.

ದುಡ್ಡಿಗೂ ಓಟಿಗೂ ನಂಟು ಬೇಕೇ?

ಶುಲ್ಕ ಕೊಟ್ಟವರಿಗಷ್ಟೇ ಮತ ಎಂಬುದು ನ್ಯಾಯವೇ ಎಂಬ ಪ್ರಶ್ನೆ ಉಳಿಯುತ್ತದೆ. ಈ ಪ್ರಶ್ನೆಗೆ ಇದೇ ನೆಲದಲ್ಲಿ ಉದ್ದನೆಯ ಇತಿಹಾಸ ಇದೆ. ಪಿಟಿಎಯ ಮೂಲ ಸಂಸ್ಥೆ ಹುಟ್ಟಿದ್ದು 1897ರ ಫೆಬ್ರವರಿ 17ರಂದು ವಾಷಿಂಗ್ಟನ್‌ನಲ್ಲಿ, ತಾಯಂದಿರ ರಾಷ್ಟ್ರೀಯ ಸಮಾವೇಶವಾಗಿ. ಸ್ಥಾಪಕರಲ್ಲಿ ಒಬ್ಬರಾದ ಆಲಿಸ್ ಬರ್ನಿ ಅಟ್ಲಾಂಟಾ ಪಕ್ಕದ ಮೇರಿಯೆಟ್ಟಾದವರು. ಆಗ ಅಮೆರಿಕದ ಹೆಂಗಸರಿಗೆ ದೇಶದ ಹೆಚ್ಚಿನ ಭಾಗದಲ್ಲಿ ಚುನಾವಣೆಯ ಮತವೇ ಇರಲಿಲ್ಲ. ಕರಿಯರ ಮಕ್ಕಳಿಗೆ ಬೇರೆ ಶಾಲೆ, ಬೇರೆ ಸಂಘ. ಅಟ್ಲಾಂಟಾದ ಯಂಗ್ ಸ್ಟ್ರೀಟ್ ಶಾಲೆಯಲ್ಲಿ ಪೋಷಕರನ್ನು ಒಟ್ಟುಗೂಡಿಸಿದ ಸೆಲೀನಾ ಸ್ಲೋನ್ ಬಟ್ಲರ್ 1926ರಲ್ಲಿ ಕಪ್ಪು ಪೋಷಕರ ರಾಷ್ಟ್ರೀಯ ಸಂಸ್ಥೆಯನ್ನೇ ಕಟ್ಟಿದರು. ಎರಡೂ ಒಂದಾದದ್ದು 1970ರ ಜೂನ್ 22ರಂದು, ಅಟ್ಲಾಂಟಾದಲ್ಲೇ.

ಸರ್ಕಾರಿ ಚುನಾವಣೆಗೂ ಇಲ್ಲಿ ದುಡ್ಡು ಕಟ್ಟಬೇಕಿತ್ತು. ಮತ ಹಾಕಲು ತೆರಿಗೆ ಕಟ್ಟಿಸಿಕೊಳ್ಳುವ ಪದ್ಧತಿ ನಾರ್ತ್ ಕೆರೊಲಿನಾದಲ್ಲಿ 1920ರಲ್ಲಿ, ಜಾರ್ಜಿಯಾದಲ್ಲಿ 1945ರಲ್ಲಿ, ಸೌತ್ ಕೆರೊಲಿನಾದಲ್ಲಿ 1951ರಲ್ಲಿ ಹೋಯಿತು. ವರ್ಜೀನಿಯಾ ಮಾತ್ರ ಬಿಡಲಿಲ್ಲ. ಕೇಂದ್ರದ ಚುನಾವಣೆಗೆ ಅದನ್ನು ನಿಷೇಧಿಸುವ ಸಂವಿಧಾನ ತಿದ್ದುಪಡಿ 1964ರಲ್ಲಿ ಬಂದ ಮೇಲೂ ರಾಜ್ಯದ ಚುನಾವಣೆಗೆ ವರ್ಷಕ್ಕೆ ಒಂದೂವರೆ ಡಾಲರ್ ಕೇಳುತ್ತಿತ್ತು. ಫೇರ್‌ಫ್ಯಾಕ್ಸ್ ಕೌಂಟಿಯ ಆನಿ ಹಾರ್ಪರ್ ಎಂಬ ಕಪ್ಪು ಮಹಿಳೆ ಕೋರ್ಟಿಗೆ ಹೋದರು. ಮತದ ಯೋಗ್ಯತೆಗೂ ಹಣಕ್ಕೂ ಸಂಬಂಧವಿಲ್ಲ ಎಂದು ಸುಪ್ರೀಂ ಕೋರ್ಟ್ 1966ರಲ್ಲಿ ತೀರ್ಪು ಕೊಟ್ಟಿತು. ಇಂದು ಅದೇ ಕೌಂಟಿಯ ಶಾಲೆಗಳಲ್ಲಿ ನೂರಾರು ಭಾರತೀಯ ಮಕ್ಕಳು ಓದುತ್ತಿದ್ದಾರೆ.

ಆ ತೀರ್ಪು ಸರ್ಕಾರದ ಚುನಾವಣೆಗೆ ಅನ್ವಯಿಸುವಂಥದ್ದು, ಖಾಸಗಿ ಸಂಘಕ್ಕಲ್ಲ. ಗಲ್ಫ್‌ನ ಕನ್ನಡ ಸಂಘಗಳಲ್ಲೂ ಅಮೆರಿಕದ ಕನ್ನಡ ಕೂಟಗಳಲ್ಲೂ ಚಂದಾ ಕೊಟ್ಟ ಸದಸ್ಯರೇ ಸಮಿತಿಯನ್ನು ಆರಿಸುವುದು ವಾಡಿಕೆ. ಅದರಲ್ಲಿ ತಪ್ಪಿಲ್ಲ. ತಮ್ಮ ದುಡ್ಡನ್ನು ಹೇಗೆ ಖರ್ಚು ಮಾಡಬೇಕೆಂದು ಸದಸ್ಯರು ಹೇಳುತ್ತಾರೆ ಅಷ್ಟೇ. ಶಾಲೆಯ ಸಂಘದ ಲೆಕ್ಕ ಸ್ವಲ್ಪ ಬೇರೆ. ಅದು ಸೇರುವುದು ಸರ್ಕಾರಿ ಶಾಲೆಯ ಕಟ್ಟಡದಲ್ಲಿ. ಹೆಡ್‌ಮಾಸ್ತರರು "ಪೋಷಕರ ಅಭಿಪ್ರಾಯ" ಎಂದು ಕೇಳುವುದೂ ಅದನ್ನೇ. ಎರಡು ಕೆಲಸ ಮಾಡಿ ಸಂಜೆ ಸಭೆಗೆ ಬರಲಾಗದ, ಹತ್ತು ಡಾಲರನ್ನೂ ಎಣಿಸಿ ಖರ್ಚು ಮಾಡುವ ಮನೆಯವರ ಮಾತು ಆ ಅಭಿಪ್ರಾಯದಲ್ಲಿ ಬರುವುದೇ ಇಲ್ಲ. ಶುಲ್ಕ ಕಟ್ಟಲಾಗದವರಿಗೆ ಬೇರೆಯವರ ಕೊಡುಗೆಯಿಂದ ಸದಸ್ಯತ್ವ ಕೊಡುವ ಘಟಕಗಳಿವೆ. ಅಂಥ ಏರ್ಪಾಡು ಎಲ್ಲ ಕಡೆ ಬರಬೇಕು.

ಸಂಘದ ಹಣಕ್ಕೆ ಸಂಘದ ಸದಸ್ಯರ ಮತ ಇರಲಿ. ಶಾಲೆಯ ಹೆಸರಲ್ಲಿ, ಎಲ್ಲ ಪೋಷಕರ ಪರವಾಗಿ ನಡೆಯುವ ಆಯ್ಕೆಗೆ ರಸೀದಿ ಕೇಳುವಂತಿಲ್ಲ. ಈ ಗೆರೆ ಮಸುಕಾಗದಂತೆ ನೋಡಿಕೊಳ್ಳಬೇಕಾದವರು ಸಂಘದ ಪದಾಧಿಕಾರಿಗಳು. ಅವರಲ್ಲಿ ಈಗ ನಮ್ಮವರೂ ಇರುತ್ತಾರೆ.

ನಮ್ಮ ಅನುಭವ ಏನು ಹೇಳುತ್ತದೆ

ಗಲ್ಫ್ ಓದುಗರಿಗೆ ಇದು ಹೊಸ ಕಥೆಯಲ್ಲ. ಬಹ್ರೇನಿನ ಇಂಡಿಯನ್ ಸ್ಕೂಲಿನಲ್ಲಿ ಕಾರ್ಯಕಾರಿ ಸಮಿತಿಯನ್ನು ಪೋಷಕರೇ ಮತ ಹಾಕಿ ಆರಿಸುತ್ತಾರೆ. ಅಲ್ಲಿನ ಚುನಾವಣೆಯ ಬಿಸಿ ಕಂಡವರಿಗೆ ಶಾಲೆಯ ಮತದ ತೂಕ ಗೊತ್ತು. ಪೌರತ್ವ ಎಂದೂ ಸಿಗದ ದೇಶದಲ್ಲಿ ಇದ್ದುಕೊಂಡೂ ಮಕ್ಕಳ ಶಾಲೆಯ ವಿಷಯದಲ್ಲಿ ಪೋಷಕರು ಮತ ಹಾಕುತ್ತಾರೆ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2001ರಿಂದ ಎಸ್‌ಡಿಎಂಸಿ ಇದೆ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಇಂಥ ಸಮಿತಿಯ ಮುಕ್ಕಾಲು ಭಾಗ ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು ಎಂಬುದು ದೇಶದ ಕಾನೂನು. ಕೂಲಿ ಮಾಡುವ ತಾಯಿಗೂ ಅಲ್ಲಿ ಚಂದಾ ಇಲ್ಲದೆ ಜಾಗ ಉಂಟು. ಸಮಿತಿ ಕಾಗದದ ಮೇಲಷ್ಟೇ ಇರುವ ಶಾಲೆಗಳು ಇದ್ದಾವೆ, ಅದು ಬೇರೆ ಮಾತು. ತತ್ವ ಮಾತ್ರ ಸರಿಯಾಗಿದೆ: ಮಗು ಅಲ್ಲಿ ಓದುತ್ತಿದೆ, ಆದ್ದರಿಂದ ಪೋಷಕರಿಗೆ ಮಾತಿದೆ. ಜಾರ್ಜಿಯಾದ ಶಾಲಾ ಮಂಡಳಿ, ಕೆರೊಲಿನಾಗಳ ಸುಧಾರಣಾ ಸಮಿತಿಗಳು ನಿಂತಿರುವುದೂ ಇದೇ ತತ್ವದ ಮೇಲೆ.

ಹಾಗಾಗಿ ಅಲ್ಲಿರುವ ಮಕ್ಕಳಿಗೆ, ತಮ್ಮ-ತಂಗಿಯರಿಗೆ ಫೋನ್ ಮಾಡುವಾಗ ನಾಲ್ಕು ಮಾತು ಹೇಳಬಹುದು. ಪೋಷಕರ ಸಂಘದ ಅರ್ಜಿ ಬಂದರೆ ಸಭೆಗೆ ಹೋಗುವವರ ಹೆಸರಲ್ಲಿ ತುಂಬಿ, ಬೈಲಾ ಮತ್ತು ಬಜೆಟ್ ಕೇಳಿ ಪಡೆಯಲಿ. ಶಾಲಾ ಮಂಡಳಿ ಅಥವಾ ಸುಧಾರಣಾ ತಂಡದ ಚುನಾವಣೆ ಯಾವಾಗ ಎಂದು ಶಾಲೆಯ ಆಫೀಸಿಗೆ ಒಂದು ಇ-ಮೇಲ್ ಹಾಕಲಿ, ಶುಲ್ಕ ಕಟ್ಟಿರಲಿ ಬಿಡಲಿ. ಸರ್ಕಾರಿ ಮತದಾರರ ನೋಂದಣಿ ಅರ್ಜಿ ಯಾರು ಕೊಟ್ಟರೂ ಪೌರತ್ವ ಸಿಗುವ ತನಕ ಸಹಿ ಹಾಕದಿರಲಿ. ಸಂಶಯ ಬಂದರೆ ವಾಟ್ಸಾಪ್ ಗ್ರೂಪಿನಲ್ಲಿ ಕೇಳುವ ಬದಲು ವಕೀಲರನ್ನು ಕೇಳಲಿ.